ಯಾವ ‘ಪರ್ಸುವೇಷನ್’ ನೋಡಲಿ?

ನನಗೆ ಇಂಗ್ಲಿಷ್ ಲೇಖಕಿ ಜೇನ್ ಆಸ್ಟೆನ್ ಬರೆದ ‘ಪರ್ಸುವೇಷನ್’ ಕಾದಂಬರಿಯ ಹುಚ್ಚು ಅಂತ ಗೊತ್ತಿರುವವರೆಲ್ಲ ಕೇಳುವುದು ಇದನ್ನೇ: “ಇಷ್ಟು ಸಲ ತೆರೆಗೆ ಬಂದಿದೆಯಲ್ಲ, ಯಾವುದನ್ನು ನೋಡಲಿ?” ನನ್ನ ಉತ್ತರ ಯಾವತ್ತೂ ಒಂದೇ. 1995ರದ್ದು. ಯಾಕೆ ಅಂತ ಹೇಳಬೇಕಾದರೆ ಕಾದಂಬರಿಯಿಂದಲೇ ಶುರು ಮಾಡಬೇಕು.

ಜೇನ್ ಆಸ್ಟೆನ್ ಬರೆದು ಮುಗಿಸಿದ ಕೊನೆಯ ಕಾದಂಬರಿ ಇದು. ಆಕೆ ತೀರಿಕೊಂಡದ್ದು 1817ರ ಜುಲೈನಲ್ಲಿ. ಪುಸ್ತಕ ಹೊರಬಂದದ್ದು ಅದೇ ಡಿಸೆಂಬರ್‌ನಲ್ಲಿ. ಕಥೆ ಇಷ್ಟು: ಹತ್ತೊಂಬತ್ತರ ಆ್ಯನ್ ಎಲಿಯಟ್ ನೌಕಾಪಡೆಯ ವೆಂಟ್‌ವರ್ತ್‌ನನ್ನು ಮದುವೆಯಾಗಲು ಒಪ್ಪಿರುತ್ತಾಳೆ. ಅವನ ಹತ್ತಿರ ಆಗ ಕಾಸಿಲ್ಲ. ತಾಯಿಯಿಲ್ಲದ ಆ್ಯನ್‌ಗೆ ತಾಯಿಯಂತಿದ್ದ ಲೇಡಿ ರಸೆಲ್ ಬೇಡ ಅಂತ ಮನಸ್ಸು ತಿರುಗಿಸುತ್ತಾಳೆ. ಎಂಟು ವರ್ಷ ಕಳೆದು ಅವನು ವಾಪಸ್ ಬರುತ್ತಾನೆ. ಈಗ ಅವನು ಕ್ಯಾಪ್ಟನ್, ಶತ್ರುಗಳ ಹಡಗು ಹಿಡಿದು 25,000 ಪೌಂಡ್ ಗಳಿಸಿದವನು. ಆಕೆಗೆ 27. ಇಬ್ಬರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ, ಮಾತಿಲ್ಲ.

ಆ ಮಾತಿಲ್ಲದಿರುವುದೇ ಈ ಕಾದಂಬರಿಯ ಜೀವ. ಒಂದು ದೃಶ್ಯ ಹೇಳುತ್ತೇನೆ. ಆ್ಯನ್ ಮಂಡಿಯೂರಿ ಕೂತು, ಬಿದ್ದು ಪೆಟ್ಟಾದ ಮಗುವಿನ ಆರೈಕೆ ಮಾಡುತ್ತಿದ್ದಾಳೆ. ಆ ಮಗುವಿನ ತಮ್ಮ, ಎರಡು ವರ್ಷದ ತುಂಟ, ಆಕೆಯ ಬೆನ್ನೇರಿ ಕತ್ತಿಗೆ ಜೋತುಬಿದ್ದಿದ್ದಾನೆ. ಎಷ್ಟು ಬೈದರೂ ಇಳಿಯುತ್ತಿಲ್ಲ. ಇದ್ದಕ್ಕಿದ್ದಂತೆ ಬೆನ್ನು ಹಗುರ ಆಗುತ್ತದೆ. ಯಾರೋ ಆ ಪುಟ್ಟ ಕೈಗಳನ್ನು ಬಿಡಿಸಿ ಮಗುವನ್ನು ಎತ್ತಿಕೊಂಡಿದ್ದಾರೆ. ವೆಂಟ್‌ವರ್ತ್! ತುಟಿಪಿಟಿಕ್ ಅಂದಿಲ್ಲ. ಆಕೆಗೆ ಥ್ಯಾಂಕ್ಸ್ ಹೇಳಲೂ ಬಾಯಿ ಬರುವುದಿಲ್ಲ. ಅಷ್ಟೇ. ಪ್ರತಿ ಸಲ ಇಲ್ಲಿಗೆ ಬಂದಾಗ ನಾನು ಪುಸ್ತಕ ಮಡಚಿ ಸುಮ್ನೆ ಕೂತುಬಿಡುತ್ತೇನೆ.

ಇನ್ನು ಆ ಪತ್ರ. ಬಾತ್ ನಗರದ ವೈಟ್ ಹಾರ್ಟ್ ಹೋಟೆಲ್‌ನಲ್ಲಿ ವೆಂಟ್‌ವರ್ತ್ ಮೇಜಿನ ಮುಂದೆ ಕೂತು ಏನೋ ಬರೆಯುತ್ತಿದ್ದಾನೆ. ಕಿಟಕಿಯ ಬಳಿ ಆ್ಯನ್ ಮತ್ತು ಅವನ ಗೆಳೆಯ ಕ್ಯಾಪ್ಟನ್ ಹಾರ್ವಿಲ್ ನಡುವೆ ಚರ್ಚೆ: ಪ್ರೀತಿಯನ್ನು ಬೇಗ ಮರೆಯುವವರು ಗಂಡಸರೋ, ಹೆಂಗಸರೋ? ಎಲ್ಲ ಆಸೆ ಮುಗಿದ ಮೇಲೂ ಹೆಂಗಸರು ಪ್ರೀತಿಸುತ್ತಲೇ ಇರುತ್ತಾರೆ ಅನ್ನುತ್ತಾಳೆ ಆಕೆ. ನಡುವೆ ವೆಂಟ್‌ವರ್ತ್ ಕೈಯಿಂದ ಪೆನ್ನು ಬೀಳುತ್ತದೆ. ಆಮೇಲೆ ಅವನು ಹೊರಗೆ ಹೋಗಿ, ಕೈಗವಸು ಮರೆತ ನೆಪದಲ್ಲಿ ಮತ್ತೆ ಒಳಗೆ ಬಂದು, ಕಾಗದಗಳ ಅಡಿಯಿಂದ ಒಂದು ಪತ್ರ ಎಳೆದು ಆಕೆಯ ಮುಂದಿಟ್ಟು ಹೊರಟುಬಿಡುತ್ತಾನೆ. ಎಂಟು ವರ್ಷ ಎದೆಯಲ್ಲಿದ್ದದ್ದೆಲ್ಲ ಅದರಲ್ಲಿದೆ.

ಈ ಪತ್ರ ಮೊದಲು ಇರಲೇ ಇಲ್ಲ ಅಂದರೆ ನಂಬುತ್ತೀರಾ? ಆಸ್ಟೆನ್ 1816ರ ಜುಲೈನಲ್ಲಿ ಬರೆದ ಮೊದಲ ಮುಕ್ತಾಯದಲ್ಲಿ ಇಬ್ಬರೂ ವೆಂಟ್‌ವರ್ತ್ ಅಕ್ಕನ ಗಂಡ ಅಡ್ಮಿರಲ್ ಕ್ರಾಫ್ಟ್ ಮನೆಯಲ್ಲಿ ಒಂದಾಗುತ್ತಾರೆ. ಅದು ಆಕೆಗೇ ಸಪ್ಪೆ ಅನ್ನಿಸಿತು. ಕೆಲವೇ ವಾರಗಳಲ್ಲಿ ಹೊಡೆದು ಹಾಕಿ ಹೊಸದಾಗಿ ಬರೆದಳು. ಆ ಕೈಬಿಟ್ಟ ಅಧ್ಯಾಯಗಳ ಹಸ್ತಪ್ರತಿ ಇವತ್ತಿಗೂ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಈಗ ಸಿನಿಮಾಕ್ಕೆ ಬರೋಣ. ರೋಜರ್ ಮಿಷೆಲ್ ನಿರ್ದೇಶಿಸಿದ 1995ರ ಚಿತ್ರದಲ್ಲಿ ಅಮಾಂಡಾ ರೂಟ್ ಆ್ಯನ್, ಕಿಯರನ್ ಹೈಂಡ್ಸ್ ವೆಂಟ್‌ವರ್ತ್. ಮೊದಲರ್ಧದಲ್ಲಿ ರೂಟ್ ಮಾತಾಡುವುದೇ ಕಡಿಮೆ. ಬೇರೆಯವರ ಮಾತು ಕೇಳುತ್ತಾ ಕೂರುತ್ತಾಳೆ, ಎಲ್ಲ ಕಣ್ಣಲ್ಲೇ. ಬಳಲಿದ ಮುಖಕ್ಕೆ ನಿಧಾನವಾಗಿ ಕಳೆ ಬರುತ್ತದೆ. ಮೇಣದಬತ್ತಿಯ ಬೆಳಕು, ಸುಕ್ಕುಬಿದ್ದ ಬಟ್ಟೆ, ಮಳೆ, ಕೆಸರು, ಎಲ್ಲವೂ ನಿಜ ಅನ್ನಿಸುತ್ತವೆ.

2007ರದ್ದರಲ್ಲಿ ಸ್ಯಾಲಿ ಹಾಕಿನ್ಸ್ ಬಹಳ ಚೆನ್ನಾಗಿ ಮಾಡಿದ್ದಾಳೆ, ಅವಳ ಕಣ್ಣೀರಿಗೆ ನಾನೂ ಅತ್ತಿದ್ದೇನೆ. ಆದರೆ ಕೊನೆಯಲ್ಲಿ ಅವಳನ್ನು ಬಾತ್ ಬೀದಿಗಳಲ್ಲಿ ಓಡಿಸಿದ್ದು ನನಗೆ ಒಗ್ಗಲಿಲ್ಲ. ಕಾದಂಬರಿಯಲ್ಲಿ ಆ್ಯನ್ ತಂಗಿಯ ಗಂಡನ ಜೊತೆ ನಡೆದು ಮನೆಗೆ ಹೊರಟಿರುತ್ತಾಳೆ, ಹಿಂದಿನಿಂದ ಬಂದು ಸೇರಿಕೊಳ್ಳುವವನು ವೆಂಟ್‌ವರ್ತ್. ಬರಬೇಕಾದವನು ಅವನೇ ಅಲ್ವಾ? 2022ರದ್ದರಲ್ಲಿ ಡಕೋಟಾ ಜಾನ್ಸನ್ ಕ್ಯಾಮೆರಾ ನೋಡಿ ಮನಸ್ಸಿನಲ್ಲಿರುವುದನ್ನೆಲ್ಲ ನಮಗೆ ಹೇಳಿಬಿಡುತ್ತಾಳೆ. ಎಂಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡವಳ ಕಥೆಯಲ್ಲಿ ನನಗೆ ಅದು ಬೇಡ.

ಆದ್ದರಿಂದ 1995ರದ್ದನ್ನೇ ಮೊದಲು ನೋಡಿ. ಪತ್ರ ಓದುವಾಗ ಅದರಲ್ಲಿ ಇಬ್ಬರ ದನಿಯೂ ಕೇಳುತ್ತದೆ. ನೋಡಿ ಮುಗಿದ ರಾತ್ರಿಯೇ ಕಾದಂಬರಿಯಲ್ಲಿ ಆ ಪತ್ರವಿರುವ 23ನೇ ಅಧ್ಯಾಯ ತೆಗೆದು ಓದಿ.