ಫೋನ್ ಆನ್ ಆಗುತ್ತಿದ್ದಾಗಲೇ ಕೇಳಬೇಕಿತ್ತು

ಗೌರಿ ಹಬ್ಬ ಹತ್ತಿರ ಬಂತು ಅಂದ್ರೆ ನನಗೆ ಟೈಲರ್ ಅಕ್ಕನ ಫೋನ್ ನೆನಪಾಗುತ್ತದೆ. ಆಗೆಲ್ಲ ಹೊಟ್ಟೆಯಲ್ಲಿ ಏನೋ ಸಂಕಟ.

ಶಿವಮೊಗ್ಗದ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಕ್ಕ ಬಂದದ್ದು ಕಳೆದ ವರ್ಷ ಮಳೆಗಾಲದಲ್ಲಿ. 2018ರ ಫೋನು, ಹಿಂದಿನ ಕವರ್ ಬಿಟ್ಟುಕೊಂಡಿತ್ತು. "ಅಣ್ಣಾ, ಇದನ್ನ ರೆಡಿ ಮಾಡಿಸೋದಾ, ಹೊಸದೇ ತಗೊಳ್ಳೋದಾ? ನೀವು ಹೇಳಿದ ಹಾಗೆ ಮಾಡ್ತೀನಿ" ಅಂದರು. ಚಾರ್ಜ್ 30 ಇದ್ದಾಗಲೇ ಆಫ್ ಆಗುತ್ತೆ, ಕೆಲವು ಸಲ ತಾನಾಗೇ ಆಫ್ ಆಗಿ ಆನ್ ಆಗುತ್ತೆ ಅಂತಲೂ ಹೇಳಿದರು.

30 ಇದ್ದಾಗಲೇ ಆಫ್ ಆಗುತ್ತೆ ಅನ್ನುವ ಮೊದಲನೆಯ ಮಾತು ಮಾತ್ರ ನನ್ನ ಕಿವಿಗೆ ಬಿತ್ತು. ಬ್ಯಾಟರಿ ಊದಿತ್ತು, ಕಣ್ಣಿಗೇ ಕಾಣುತ್ತಿತ್ತು. "ಹೊಸದು ಯಾಕಕ್ಕ, ಬ್ಯಾಟರಿ ಹಾಕಿದ್ರೆ ಇನ್ನೂ ಎರಡು ವರ್ಷ ಓಡುತ್ತೆ" ಅಂದೆ. 750 ರೂಪಾಯಿ ತಗೊಂಡೆ.

ಎರಡನೆಯ ಮಾತೇ ಮುಖ್ಯವಾಗಿತ್ತು. ಬ್ಯಾಟರಿ ಸೋತ ಫೋನ್ ಸಾಮಾನ್ಯವಾಗಿ ಆಫ್ ಆದರೆ ಚಾರ್ಜರ್ ಹಾಕುವ ತನಕ ಸುಮ್ನೆ ಬಿದ್ದಿರುತ್ತದೆ. ತಾನಾಗೇ ರೀಸ್ಟಾರ್ಟ್ ಆಗುತ್ತಿದ್ದರೆ ಬೋರ್ಡ್ ಮೇಲೂ, ಅಂದರೆ ಚಿಪ್‌ಗಳೆಲ್ಲ ಕೂತಿರುವ ಮುಖ್ಯ ಹಲಗೆಯ ಮೇಲೂ, ಅನುಮಾನ ಬರಬೇಕು. ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಆದರೆ ಊದಿದ ಬ್ಯಾಟರಿ ಕಂಡ ಮೇಲೆ ಬೇರೆ ಏನನ್ನೂ ನಾನು ಹುಡುಕಲಿಲ್ಲ.

ಮೂರು ವಾರಕ್ಕೆ ವಾಪಸ್ ಬಂದರು. ಲೋಗೋದಲ್ಲೇ ನಿಂತಿತ್ತು. ಬೋರ್ಡ್ ಹೊರಗೆ ತೆಗೆದು, ಮೇಲಿನ ತಗಡಿನ ಶೀಲ್ಡ್ ಬಿಚ್ಚಿ, ಫೋನಿನ ಮುಖ್ಯ ಚಿಪ್ ಆದ ಸಿಪಿಯುಗೆ ಹೀಟ್ ಕೊಟ್ಟೆ. ಆನ್ ಆಯಿತು! ಅಕ್ಕನ ಮುಖದಲ್ಲಿ ನಗು, ನನಗೂ ಖುಷಿ. 1,200 ರೂಪಾಯಿ ಬಿಲ್ ಮಾಡಿ ಫೋನ್ ಕೈಗೆ ಕೊಟ್ಟೆ.

ನನ್ನ ದೊಡ್ಡ ತಪ್ಪು ಇದೇ. ಹೀಟ್ ಕೊಟ್ಟು ಆನ್ ಮಾಡಿದ್ದು ರಿಪೇರಿ ಅಲ್ಲ. ಚಿಪ್ಪನ್ನು ಬೋರ್ಡಿಗೆ ಬೆಸೆಯುವ ಸಣ್ಣ ಗುಂಡು, ಸೋಲ್ಡರ್ ಬಾಲ್, ಬಿರುಕು ಬಿಟ್ಟಿದ್ದರೆ ಸ್ವಲ್ಪ ದಿನ ಅಂಟಿಕೊಂಡಿರುತ್ತದೆ, ಅಷ್ಟೇ. ಚಿಪ್ ಕಿತ್ತು ಹೊಸ ಗುಂಡು ಕೂರಿಸಿ ರೀಬಾಲ್ ಮಾಡಬೇಕು, ಇಲ್ಲ ಆನ್ ಆಗಿರುವಾಗಲೇ ಒಳಗಿರುವುದನ್ನೆಲ್ಲ ಹೊರಗೆ ತೆಗೆದು ಫೋನಿಗೆ ನಮಸ್ಕಾರ ಹೇಳಬೇಕು. ಅವತ್ತು ಆ ಫೋನ್ ನನ್ನ ಟೇಬಲ್ ಮೇಲೆ ಎರಡು ಗಂಟೆ ಆರಾಮಾಗಿ ಆನ್ ಆಗಿ ಕೂತಿತ್ತು. "ಒಳಗೆ ಏನಿದೆ ಅಕ್ಕ?" ಅಂತ ನಾನು ಕೇಳಲೇ ಇಲ್ಲ.

ಒಳಗೆ ಇದ್ದದ್ದು ಗಿರಾಕಿಗಳ ಅಳತೆ. ಒಂದು ವರ್ಷ ಮಳೆಯಲ್ಲಿ ಅಂಗಡಿ ಸೋರಿ ಅಳತೆ ಪುಸ್ತಕ ನೆನೆದು ಹೋಗಿತ್ತಂತೆ. ಆಮೇಲೆ ಅಕ್ಕ ಚೀಟಿಯಲ್ಲಿ ಅಳತೆ ಬರೆದು ಬಟ್ಟೆಗೆ ಪಿನ್ ಮಾಡಿ, ಒಂದು ಫೋಟೊ ತೆಗೆದಿಟ್ಟುಕೊಳ್ಳುತ್ತಿದ್ದರು. ಚೀಟಿ ಎಸೆಯುತ್ತಿದ್ದರು. ಇರುವುದೆಲ್ಲ ಫೋನಿನಲ್ಲೇ.

ಮೂರನೇ ಸಲ ಬಂದಾಗ ಹಬ್ಬಕ್ಕೆ ಹನ್ನೆರಡು ದಿನ ಇತ್ತು. ಫೋನ್ ಪೂರ್ತಿ ಡೆಡ್. ಫೋನ್ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ತೋರಿಸುವ ಡಿಸಿ ಸಪ್ಲೈಗೆ ಹಾಕಿ ಪವರ್ ಒತ್ತಿದರೆ 80 ಮಿಲಿ ಆಂಪಿಯರ್‌ಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಅಕ್ಕ ಕೌಂಟರ್ ಹಿಡಿದುಕೊಂಡು ನಿಂತಿದ್ದರು. "ಫೋನ್ ಹೋದ್ರೆ ಹೋಗ್ಲಿ ಅಣ್ಣಾ, ಅಳತೆ ಬೇಕು" ಅಂದರು.

ಡೇಟಾ ಕೂತಿರುವ ಚಿಪ್, ಅಂದರೆ ಮೆಮೊರಿ ಐಸಿ, ಕಿತ್ತು ಬೇರೆ ಕಡೆ ಓದಿಸುವ ಕಾಲ ಹೋಯಿತು. ಈಗಿನ ಫೋನುಗಳಲ್ಲಿ ಡೇಟಾ ಲಾಕ್ ಆಗಿರುತ್ತದೆ, ಅದರ ಕೀಲಿ ಅದೇ ಸಿಪಿಯು ಜೊತೆ ಕಟ್ಟಿಕೊಂಡಿರುತ್ತದೆ. ಹಾಗಾಗಿ ಅದೇ ಬೋರ್ಡ್ ಜೀವ ಹಿಡಿಯಬೇಕು. ಮತ್ತೆ ಹೀಟ್ ಕೊಟ್ಟೆ. ಸಿಪಿಯು ಮೇಲೆ ಹೆಬ್ಬೆರಳು ಒತ್ತಿ ಹಿಡಿದರೆ ಮಾತ್ರ ಆಂಪಿಯರ್ ಮೇಲೆ ಹೋಗುತ್ತಿತ್ತು. 200, 400, ಲೋಗೋ, ಆಮೇಲೆ ಪ್ಯಾಟರ್ನ್ ಕೇಳಿತು. ಅಕ್ಕ ನಡುಗುವ ಬೆರಳಲ್ಲಿ ಪ್ಯಾಟರ್ನ್ ಎಳೆದರು. ಜೂನಿಯರ್ ಹುಡುಗ ಕೇಬಲ್ ಚುಚ್ಚಿ, ಫೈಲ್ ಟ್ರಾನ್ಸ್‌ಫರ್ ಒತ್ತಿ, ಲ್ಯಾಪ್‌ಟಾಪ್ ಮುಂದೆ ಕೂತ.

"ಎಲ್ಲಾ ಸೆಲೆಕ್ಟ್ ಮಾಡಿ ಕಾಪಿ ಹೊಡಿ" ಅಂದೆ.

ಅದೂ ತಪ್ಪು. ಲ್ಯಾಪ್‌ಟಾಪ್ ಫೈಲುಗಳನ್ನು ಎಣಿಸುತ್ತಾ ಕೂತಿತು. ವಾಟ್ಸಾಪ್‌ನ ಗುಡ್ ಮಾರ್ನಿಂಗ್ ವಿಡಿಯೊಗಳು, ಥಂಬ್‌ನೇಲ್‌ಗಳು, ಬೇಡದ್ದೇ ಜಾಸ್ತಿ. ನಾಲ್ಕು ನಿಮಿಷ ಹಾಗೇ ಹೋಯಿತು. ಬೋರ್ಡ್ ಸುಡುತ್ತಿತ್ತು, ಬೆರಳು ತೆಗೆಯುವ ಹಾಗಿರಲಿಲ್ಲ. "ನಿಲ್ಸು, ನಿಲ್ಸು, ಕ್ಯಾಮೆರಾ ಫೋಲ್ಡರ್ ಒಂದೇ ತಗೋ" ಅಂತ ಕೂಗಿದೆ. ಫೋಟೊ ಬರಲು ಶುರುವಾಯಿತು. 2018, 2019. ಬ್ಲೌಸ್ ತೋಳು, ಕತ್ತಿನ ಡಿಸೈನ್, ನೀಲಿ ಇಂಕಿನ ಚೀಟಿಗಳು ಒಂದೊಂದಾಗಿ ಸ್ಕ್ರೀನ್ ಮೇಲೆ ಬಂದವು. 2023ರ ಫೆಬ್ರವರಿಗೆ ಬಂದಾಗ ಆಂಪಿಯರ್ ಸೊನ್ನೆಗೆ ಬಿತ್ತು. ಆಮೇಲೆ ಆ ಬೋರ್ಡ್ ಏಳಲೇ ಇಲ್ಲ. ಒಟ್ಟು ಹನ್ನೊಂದು ನಿಮಿಷ.

ನಿಜವಾದ ಪೆಟ್ಟು ಬಿದ್ದದ್ದು ಸಂಜೆ. ಅಕ್ಕನ ಜಿಮೇಲ್ ಅನ್ನು ಬೇರೆ ಫೋನಿಗೆ ಹಾಕಿ ನೋಡಿದರೆ 2022ರ ಕೊನೆಯವರೆಗಿನ ಫೋಟೊ ಎಲ್ಲಾ ಅಲ್ಲೇ ಇತ್ತು. ಗೂಗಲ್‌ನ ಉಚಿತ 15 ಜಿಬಿ ತುಂಬಿದ ಮೇಲೆ ಬ್ಯಾಕಪ್ ನಿಂತಿತ್ತು. ಅಂದರೆ ಬೆರಳು ಸುಟ್ಟುಕೊಂಡು ನಾವು ಎಳೆದದ್ದರಲ್ಲಿ ಹೆಚ್ಚಿನದು ಮೊದಲೇ ಭದ್ರವಾಗಿತ್ತು. ಬೇಕಾಗಿದ್ದ ಎರಡೂವರೆ ವರ್ಷದ್ದು ಹೋಯಿತು. ಮೊದಲೇ ಜಿಮೇಲ್ ನೋಡಿದ್ದರೆ ಹೊಸ ಫೋಟೊದಿಂದ ಶುರು ಮಾಡುತ್ತಿದ್ದೆ.

ರಿಪೇರಿಯಾ, ಹೊಸದಾ ಅಂತ ದಿನಕ್ಕೆ ಹತ್ತು ಜನ ಕೇಳುತ್ತಾರೆ. ಬ್ಯಾಟರಿ, ಚಾರ್ಜಿಂಗ್ ಬೋರ್ಡ್ ಆದರೆ ಹಾಕಿಸಿ ಅಂತ ಈಗಲೂ ಹೇಳುತ್ತೇನೆ. ಕಾಂಬೊ, ಅಂದರೆ ಡಿಸ್‌ಪ್ಲೇ, ಟಚ್ ಸೇರಿದ ಸೆಟ್, ಆದರೆ ಅದೇ ಮಾಡೆಲ್ ಸೆಕೆಂಡ್ ಹ್ಯಾಂಡ್‌ನಲ್ಲಿ ಎಷ್ಟಕ್ಕೆ ಸಿಗುತ್ತದೆ ನೋಡಿ, ಅದರ ಅರ್ಧ ದಾಟಿದರೆ ಬೇಡ. ಸಿಪಿಯು, ಮೆಮೊರಿ ಕೈಕೊಟ್ಟ ಹಳೇ ಫೋನಿಗೆ ದುಡ್ಡು ಹಾಕುವುದಾದರೆ ಡೇಟಾ ತೆಗೆಯುವುದಕ್ಕೆ ಮಾತ್ರ, ಬಳಸುವುದಕ್ಕಲ್ಲ. ಅಕ್ಕನಿಂದ ನಾನು ಎರಡು ಸಲಕ್ಕೆ 1,950 ತಗೊಂಡಿದ್ದೆ. ಅದೇ ಮಾಡೆಲ್ ನಮ್ಮ ಅಂಗಡಿಯಲ್ಲೇ 3,000ಕ್ಕೆ ಸಿಗುತ್ತಿತ್ತು.

ಬಿಡಿಭಾಗದ ಕಥೆ ಬೇರೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನಿಂದ ರಾತ್ರಿ ಬಸ್ಸಿಗೆ ಹಾಕಿ ಕಳಿಸುವ 'ಒರಿಜಿನಲ್' ಬ್ಯಾಟರಿ ಮೇಲೆ 6,000 ಎಂಎಎಚ್ ಅಂತ ಬರೆದಿರುತ್ತದೆ. ಕಂಪನಿ ಬ್ಯಾಟರಿ 4,000, ಸೈಜ್ ಮಾತ್ರ ಎರಡೂ ಒಂದೇ! ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. ಮಾಡೆಲ್ ಮಾರಾಟ ನಿಂತ ಮೇಲೂ 7 ವರ್ಷ ಕಂಪನಿಯವರು ಬಿಡಿಭಾಗ ಕೊಡಬೇಕು. ನಮ್ಮಲ್ಲಿ ರಿಪೇರಿ ಮಾಹಿತಿಗೆ ಸರ್ಕಾರದ ರೈಟ್ ಟು ರಿಪೇರ್ ಪೋರ್ಟಲ್ 2022ರ ಡಿಸೆಂಬರಿನಲ್ಲೇ ಶುರುವಾಯಿತು. ನನ್ನ ಟೇಬಲ್ಲಿಗೆ ಬರುವ ಡಬ್ಬ ಮಾತ್ರ ಬದಲಾಗಿಲ್ಲ.

ನಮ್ಮ ಜಾಬ್ ಕಾರ್ಡ್ ಕೂಡ ಹಾಗೇ ಇದೆ. ಸಿಮ್ ಟ್ರೇ ಇದೆಯಾ, ಗೀರು ಇದೆಯಾ, ಅಡ್ವಾನ್ಸ್ ಎಷ್ಟು, ಎಲ್ಲಕ್ಕೂ ಜಾಗ ಇದೆ. ಬ್ಯಾಕಪ್ ಆಗಿದೆಯಾ ಅಂತ ಕೇಳುವ ಒಂದು ಗೆರೆ ಇಲ್ಲ. ಓನರ್‌ಗೆ ಹೇಳಿದರೆ "ಈ ಬುಕ್ ಮುಗೀಲಿ, ಮುಂದಿನ ಪ್ರಿಂಟಿಗೆ ಹಾಕಿಸೋಣ" ಅಂದರು. ವರ್ಷ ಆಯಿತು. ನಾನೇ ಪ್ರತಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ: 'ಒಳಗೆ ಏನಿದೆ? ಬೇರೆ ಎಲ್ಲಿದೆ?' ಉತ್ತರ ಬರೆದ ಮೇಲೇ ಸ್ಕ್ರೂ ಬಿಚ್ಚುವುದು. ಜೂನಿಯರ್ ಹುಡುಗನಿಗೂ ಅದೇ ಅಭ್ಯಾಸ ಮಾಡಿಸಿದ್ದೇನೆ.

ಅವತ್ತು 1,200 ವಾಪಸ್ ಕೊಡೋಣ ಅಂತ ಓನರ್ ಹತ್ತಿರ ವಾದ ಮಾಡಿದೆ. ಅರ್ಧ ಕೊಟ್ಟರು, ಉಳಿದರ್ಧ ನಾನು ಹಾಕಿದೆ. ಅಕ್ಕ ಬೇಡ ಅಂದರು, ಕೌಂಟರ್ ಮೇಲಿಟ್ಟು ಒಳಗೆ ಹೋದೆ. ಆ ಹಬ್ಬಕ್ಕೆ ಅವರು ಗಿರಾಕಿಗಳಿಗೆಲ್ಲ ಫೋನ್ ಮಾಡಿ ಮತ್ತೆ ಅಳತೆಗೆ ಕರೆಯಬೇಕಾಯಿತು. ಕೆಲವರು ಬೇರೆ ಕಡೆ ಹೊಲಿಸಿಕೊಂಡರು.

ಮೊನ್ನೆ ನನ್ನ ಹೆಂಡತಿಯ ಬ್ಲೌಸ್ ಕೊಡಲು ಅವರ ಅಂಗಡಿಗೆ ಹೋಗಿದ್ದೆ. ಅಳತೆಯನ್ನು ಮೊದಲು ಉದ್ದ ನೋಟ್‌ಬುಕ್ಕಿನಲ್ಲಿ ಬರೆದರು, ಆಮೇಲೆ ಹೊಸ ಫೋನಿನಲ್ಲಿ ಫೋಟೊ ತೆಗೆದರು. ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಮಡಚಿ, ಮಷಿನ್ನಿನ ಡ್ರಾದಲ್ಲಿ ಇಟ್ಟರು.