ಡಬ್ಬಿಯ ಮೇಲಿನ ಹೆಸರು

ಡಬ್ಬಿಯನ್ನು ಕೆಳಗೆ ಒಯ್ಯುವ ಮುಂಚೆ ಒಮ್ಮೆ ತಿರುಗಿಸಿ ನೋಡಬೇಕಿತ್ತು. ಅಷ್ಟು ಮಾಡಿದ್ದರೆ ಈ ವಾರ ಸುಖವಾಗಿ ನಿದ್ದೆ ಬರುತ್ತಿತ್ತು.

ಮಹಾನವಮಿ ಮುಂದೆ ನಮ್ಮ ಹುಬ್ಬಳ್ಳಿ ಮನೆಗಳಲ್ಲಿ ಹಾಸಿಗೆ, ಹೊದಿಕೆ, ಕೌದಿ ಎಲ್ಲ ತೊಳೆದು ಅಟ್ಟ ಇಳಿಸುತ್ತಾರಲ್ವಾ? ಇಳಿಸಿದ್ದರಲ್ಲಿ ಅರ್ಧ ಮೋಡಕಾದವನ ಗಾಡಿಗೆ ಹೋಗುತ್ತದೆ, ಇನ್ನರ್ಧ ಮತ್ತೆ ಅಟ್ಟ ಹತ್ತುತ್ತದೆ. ಅದರ ಬದಲು ಒಬ್ಬರಿಗೊಬ್ಬರು ಹಂಚಿಕೊಳ್ಳೋಣ ಅಂತ ನನ್ನ ತಲೆಗೆ ಬಂತು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬರೆದೆ: 'ಬ್ಯಾಡಾದದ್ದು ಇಡ್ರಿ, ಬೇಕಾದದ್ದು ಒಯ್ರಿ.' ಸಾಲು ನನಗೇ ಬಹಳ ಹಿಡಿಸಿತ್ತು. 24 ಮನೆಗಳಲ್ಲಿ 19 ಮನೆಯವರು ಹೆಬ್ಬೆರಳು ಎತ್ತಿದರು. ಭಾನುವಾರ ಸಾಮಾನು ತಂದವರು 9.

ಪಾರ್ಕಿಂಗ್‌ನಲ್ಲಿ ಎರಡು ಟೇಬಲ್ ಹಾಕಿಸಿದ್ದೆ. ಮೂರು ಇಸ್ತ್ರಿ ಪೆಟ್ಟಿಗೆ, ಜಾರ್ ಇಲ್ಲದ ಮಿಕ್ಸರ್, ಮಕ್ಕಳ ಸೈಕಲ್ಲು, ಒಂಟಿ ಡಗ್ಗಾ ಬಂದವು. ತಬಲಾ ಎಲ್ಲಿ ಅಂತ ಯಾರೂ ಕೇಳಲಿಲ್ಲ. ಸಂಗೀತದ ಊರು, ಅರ್ಧಕ್ಕೆ ಬಿಟ್ಟ ಕ್ಲಾಸು ಪ್ರತಿ ಮನೆಯಲ್ಲೂ ಒಂದಿರುತ್ತದೆ. ಆದರೆ ಒಂದು ಕೊಡ, ಒಂದು ಬ್ಯಾರೆಲ್ ಬರಲಿಲ್ಲ ನೋಡಿ! 2008ರಲ್ಲೇ ಊರಿನ ಕೆಲವು ಬಡಾವಣೆಗಳಿಗೆ 24 ತಾಸು ನೀರು ಬಂತು. ಅಲ್ಲಿಂದ ಇಲ್ಲಿಗೆ ಬಂದವರೂ ಬ್ಯಾರೆಲ್ ಬಿಟ್ಟುಕೊಡುವುದಿಲ್ಲ. ನಳದ ಮೇಲೆ ನಮ್ಮ ಮಂದಿಗೆ ಅಷ್ಟು ನಂಬಿಕೆ.

ಮೇಲಿನ ಮಹಡಿಯ ಒಬ್ಬರು ಪುಕ್ಕಟೆ ಕುಕ್ಕರ್ ಕೈಯಲ್ಲಿ ಹಿಡಿದು "ಗ್ಯಾರಂಟಿ ಐತೇನ್ರೀ?" ಅಂದರು. ಅವರು ಹಾಗೇ. ಲಿಫ್ಟ್ ಕೆಟ್ಟಾಗಲೂ ಮೊದಲು ಬಿಲ್ ಕೇಳುವವರು. ನೆಲಮಹಡಿಯ ಅಜ್ಜಿ ಮಾತ್ರ ಏನೂ ತರದೆ ಕುರ್ಚಿ ಹಾಕಿಕೊಂಡು ಕೂತು, ಬಂದ ಹಳೇ ಸೀರೆಗಳನ್ನೆಲ್ಲ ತೊಡೆಯ ಮೇಲೆ ಪೇರಿಸಿಕೊಂಡರು. ಕೌದಿ ಹೊಲಿಯೋರು ಯಾರ್ರೀ ಅಂದೆ. "ನಾನ, ಮತ್ಯಾರು?" ಅಂದರು.

ಆಗ ಬಂದರು, ಎರಡನೇ ಮಹಡಿಯ ಅಕ್ಕಾರು.

ಟೇಬಲ್ ತುದಿಯಲ್ಲಿ ನನ್ನದೊಂದು ಸ್ಟೀಲ್ ಡಬ್ಬಿ ಇತ್ತು. 5 ಕಿಲೋ ಹಿಟ್ಟು ಹಿಡಿಯುವಂಥದ್ದು. ಗಾಜಿನ ಬರಣಿ ತಂದ ಮೇಲೆ ಅಟ್ಟ ಸೇರಿತ್ತು. ಅಕ್ಕಾರು ಅದನ್ನು ಎತ್ತಿ, ತಿರುಗಿಸಿ, ಒಂದು ಕಡೆ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರು. ಅಲ್ಲಿ ಚುಕ್ಕಿ ಚುಕ್ಕಿಯಾಗಿ ಅವರ ಯಜಮಾನರ ಹೆಸರು, 'ಸಪ್ರೇಮ', ನಮ್ಮ ಗೃಹಪ್ರವೇಶದ ತಾರೀಖು.

"ಇದು ನಾವು ಕೊಟ್ಟದ್ದಲ್ರೀ?"

ತಪ್ಪಿ ಬಂದೈತ್ರೀ ಅನ್ನಬಹುದಿತ್ತು. ಸುಮ್ನಿರಬಹುದಿತ್ತು. ನಾನು ಅಂದದ್ದು, "ಮುಚ್ಚಳ ಭಾಳ ಬಿಗಿ ಐತ್ರೀ ಅಕ್ಕಾರ."

"ಬಿಗಿ ಇರಬೇಕಂತನ ನಾಕು ಅಂಗಡಿ ನೋಡಿ ತಂದಿದ್ದೆ. ಇರಿವಿ ಹೋಗಬಾರದಲ್ರೀ."

ಅಷ್ಟೇ. ಸಿಟ್ಟಿಲ್ಲ, ಚುಚ್ಚಿಲ್ಲ. ಡಬ್ಬಿಯನ್ನು ಮತ್ತೆ ಟೇಬಲ್ ಮೇಲೆ ಇಟ್ಟರು. ಇಡುವಾಗ ಹೆಸರಿನ ಕಡೆ ಗೋಡೆಗೆ ಬರುವ ಹಾಗೆ ತಿರುಗಿಸಿದರು. ಬೇರೆಯವರು ಓದಬಾರದು ಅಂತ. ನನ್ನ ಮಾನ ಉಳಿಸಿದರೋ, ತಮ್ಮದನ್ನೋ, ಇವತ್ತಿಗೂ ಗೊತ್ತಾಗಿಲ್ಲ. ರೊಟ್ಟಿ ಬಡಿಯುವಾಗ, ಹಲ್ಲುಜ್ಜುವಾಗ, ಆ ಡಬ್ಬಿ ತಿರುಗುವುದೇ ಕಣ್ಣ ಮುಂದೆ ಬರುತ್ತದೆ.

"ಹೋಗ್ಲಿ ಬಿಡ, ಒಂದು ಡಬ್ಬಿಗೆ ಯಾಕ ಇಷ್ಟು?" ಅಂದರು ನಮ್ಮನೆಯವರು. ಅವರಿಗೆ ಭಾಂಡೆಯ ಸಂಗತಿ ತಿಳಿಯುವುದಿಲ್ಲ. ಅವ್ವನೂ ಬೇಕಾದಷ್ಟು ಕೊಟ್ಟಿದ್ದಾಳೆ. ಆದರೆ ಕೊಡುವಾಗ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಳು. "ಈ ಬಣ್ಣ ನನಗ ಒಪ್ಪಂಗಿಲ್ಲವಾ, ನೀ ಉಟ್ಟು ನೋಡು" ಅನ್ನುವಳು. ಪಕ್ಕದ ಮನೆಯ ಬಟ್ಟಲು ವಾಪಸ್ ಕೊಡುವಾಗ ಬರಿದು ಕೊಡಬಾರದೆಂದು ಒಂದು ಚಮಚ ಸಕ್ಕರೆಯಾದರೂ ಹಾಕುವಳು. ಬ್ಯಾಡಾದದ್ದು ಅನ್ನುವ ಮಾತು ಅವಳ ಬಾಯಲ್ಲಿ ಬಂದದ್ದು ನೆನಪಿಲ್ಲ. ನಾನು ಅದನ್ನೇ ಗುಂಪಿನಲ್ಲಿ ಹಾಕಿ, ಟೇಬಲ್ ಮೇಲೆ ಸಾಲಾಗಿ ಇಡಿಸಿದೆ. ಸೀರೆಯಾದರೆ ಕೌದಿಯೊಳಗೆ ಹೋಗಿ ಯಾರದೋ ಏನೋ ಆಗಿಬಿಡುತ್ತದೆ. ಸ್ಟೀಲ್ ಹಾಗಲ್ಲ. ಎಷ್ಟು ತಿಕ್ಕಿದರೂ ಹೆಸರು ಹೋಗುವುದಿಲ್ಲ.

ಸಂಜೆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿ ಮೇಲೆ ತಂದೆ. ಲಿಫ್ಟ್ ಬೇಡವೆನಿಸಿ ಮೆಟ್ಟಿಲು ಹತ್ತಿದೆ. ಜೋಳದ ಹಿಟ್ಟು ತುಂಬಿಟ್ಟೆ. ಮುಚ್ಚಳ ಈಗಲೂ ಬಿಗಿ.

ಮೊನ್ನೆ ಬನ್ನಿ ಹಬ್ಬ. ಅಕ್ಕಾರು ಹಿರಿಯರು, ನಾನೇ ಹೋಗಬೇಕು. ಹೋಗದಿದ್ದರೆ ಇನ್ನೂ ಕೆಟ್ಟದ್ದು. ಮೂರು ಮನೆಗೆ ಹೋಗಿ ಬಂದು, ನೀರು ಕುಡಿದು, ಕೊನೆಗೆ ಅವರ ಬಾಗಿಲು ಬಡಿದೆ. ಬನ್ನಿ ಕೊಟ್ಟು ಕಾಲಿಗೆ ಬಿದ್ದೆ. ಅವರೂ ನನ್ನ ಅಂಗೈಯಲ್ಲಿ ನಾಲ್ಕು ಎಲೆ ಇಟ್ಟು, ಬೆರಳು ಮಡಚಿಸಿದರು.

"ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂದರು. ಆಮೇಲೆ ಬಾಗಿಲು ಮುಂದೆ ಮಾಡುತ್ತ, "ಇದನ್ನ ಟೇಬಲ್ ಮ್ಯಾಲ ಇಡಬ್ಯಾಡ್ರೀ ಮತ್ತ."