ಮಧ್ಯಾಹ್ನದ ಬಿಸಿಲು ರಾತ್ರಿಗೆ: ಟ್ಯಾಂಕ್ ಆಯ್ತು, ಬ್ಯಾಟರಿ ಓಡ್ತಾ ಇದೆ

ಹಿರಿಯಡ್ಕದ ಹತ್ತಿರ ನಮ್ಮ ಮನೆ. ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ, ಲೈನಿಗೆ ಕೊಟ್ಟ, ಲೈನಿನಿಂದ ತೆಗೆದುಕೊಂಡ ಕರೆಂಟು ಎರಡನ್ನೂ ಅಳೆಯುವ ನೆಟ್ ಮೀಟರ್ ಹಾಕಿಸಿ ಎರಡು ವರ್ಷ ಆಯ್ತು. ಹೋದ ಜೂನ್‌ನಲ್ಲಿ ಒಂದು ದಿನ ಲೈನ್ ಮೇಲೆ ತೆಂಗಿನ ಮಡಲು ಬಿದ್ದು ಬೆಳಿಗ್ಗೆ ಹತ್ತಕ್ಕೆ ಕರೆಂಟು ಹೋಯಿತು. ಆಮೇಲೆ ಮಳೆ ಬಿಟ್ಟು ಒಳ್ಳೆ ಬಿಸಿಲು ಬಂತು. ಸೆಕೆಗೆ ಅಮ್ಮ ಪೇಪರಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಕೇಳಿದರು, "ಮೇಲೆ ಅಷ್ಟು ಪ್ಯಾನೆಲ್ ಉಂಟಲ್ಲ ಮಗಾ, ಫ್ಯಾನ್ ಎಂತಕ್ಕೆ ತಿರುಗುವುದಿಲ್ಲ?"

ಪ್ಯಾನೆಲ್‌ನ ಕರೆಂಟನ್ನು ಮನೆಗೆ ಆಗುವಂತೆ ಬದಲಿಸುವುದು ಇನ್ವರ್ಟರ್. ಗ್ರಿಡ್‌ಗೆ, ಅಂದರೆ ಊರಿನ ಲೈನಿಗೆ, ಜೋಡಿಸಿದ ಇನ್ವರ್ಟರ್ ಲೈನ್‌ನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ತಾರಸಿಯ ಕರೆಂಟೇ ಹೊಡೆಯಬಹುದು. ಹಾಗಾಗಿ ಆ ದಿನ ಸಂಜೆವರೆಗೆ ಬಂದ ಬಿಸಿಲೆಲ್ಲ ಹಾಳಾಯಿತು. ಅದು ನನಗೆ ತುಂಬಾ ಬೇಜಾರಾಯಿತು. ಹಗಲಿನ ಕರೆಂಟು ಕೂಡಿಡುವ ಈ ಕೆಲಸ ಶುರುವಾದದ್ದು ಅಲ್ಲಿಂದ.

ಜನವರಿ

ಮೊದಲಿಗೆ ತಲೆಗೆ ಬಂದದ್ದು ನೀರು. ಮನೆ ಹಿಂದೆ ಗುಡ್ಡೆ ಇದೆ, ಕೆಳಗೆ ಸಣ್ಣ ಅಡಿಕೆ ತೋಟ, ಅದರ ಪಕ್ಕ ಬಾವಿ. ಮಧ್ಯಾಹ್ನ ಜಾಸ್ತಿಯಾದ ಕರೆಂಟಿನಲ್ಲಿ ನೀರು ಮೇಲೆ ಹತ್ತಿಸುವುದು, ರಾತ್ರಿ ಕೆಳಗೆ ಬಿಟ್ಟು ಸಣ್ಣ ಟರ್ಬೈನ್ ತಿರುಗಿಸುವುದು. ದೊಡ್ಡ ಯೋಜನೆಗಳಲ್ಲಿ ಮಾಡುವುದೂ ಇದನ್ನೇ ಅಲ್ವಾ?

ಲೆಕ್ಕ ಹಾಕಿದೆ. ಗುಡ್ಡೆ ಮೇಲೆ ಟ್ಯಾಂಕ್, 20,000 ಲೀಟರ್ ನೀರು, 15 ಮೀಟರ್ ಎತ್ತರ. ಅದರಲ್ಲಿ ಅಡಗಿರುವ ಶಕ್ತಿ ಬರೀ 0.8 ಯೂನಿಟ್! ಟರ್ಬೈನಿನ ನಷ್ಟ ಕಳೆದರೆ ಅರ್ಧ ಯೂನಿಟ್ ಕೈಗೆ ಸಿಕ್ಕೀತು. ನೀರಿನಲ್ಲಿ ಕರೆಂಟು ಕೂಡಿಡಬೇಕಾದರೆ ಎತ್ತರ ಬೇಕು. ನಮ್ಮದೇ ಜಿಲ್ಲೆಯ ಹೊಸಂಗಡಿಯಲ್ಲಿ ವಾರಾಹಿ ವಿದ್ಯುದಾಗಾರ ಇದೆ, 460 ಮೆಗಾವ್ಯಾಟ್, ನೆಲದ ಒಳಗೆ. ಘಟ್ಟದ ಮೇಲಿನ ಮಾಣಿ ಜಲಾಶಯದಿಂದ ಬರುವ ನೀರು ಅಲ್ಲಿ 400 ಮೀಟರಿಗೂ ಜಾಸ್ತಿ ಇಳಿಯುತ್ತದೆ. ಅಷ್ಟು ಎತ್ತರದಲ್ಲಿ ಸಾವಿರ ಲೀಟರ್ ನೀರಿಗೇ ಒಂದು ಯೂನಿಟ್ ಶಕ್ತಿ ಇರುತ್ತದೆ. ನಮ್ಮ ಗುಡ್ಡೆಗೂ ಘಟ್ಟಕ್ಕೂ ಇರುವ ವ್ಯತ್ಯಾಸ ಅಷ್ಟು.

ಟರ್ಬೈನ್ ಆಸೆ ಬಿಟ್ಟೆ. ಆದರೆ ಅದೇ ಲೆಕ್ಕದ ಚೀಟಿಯಲ್ಲಿ ಇನ್ನೊಂದು ಅಂಕಿ ಇತ್ತು. ಬಾವಿಯ ತಳದಿಂದ ಆ ಟ್ಯಾಂಕ್ ತುಂಬಿಸಲು ಒಂದೂವರೆ ಎಚ್‌ಪಿ ಪಂಪು ಮೂರು ಗಂಟೆ ಓಡಬೇಕು, ಸುಮಾರು 4 ಯೂನಿಟ್. ತೋಟಕ್ಕೆ ನೀರು ಬಿಡಲು ನಾವು ಪಂಪು ಹಾಕುತ್ತಿದ್ದದ್ದು ಸಂಜೆ ಏಳರ ಮೇಲೆ. ಊರಿನವರೆಲ್ಲ ಲೈಟು, ಟಿವಿ ಹಾಕುವ ಹೊತ್ತು ಅದು. ಸೋಲಾರ್ ಆಗ ಸೊನ್ನೆ. ನೀರನ್ನು ಮತ್ತೆ ಕರೆಂಟು ಮಾಡುವ ಅಗತ್ಯವೇ ಇಲ್ಲವಲ್ಲ! ಮಧ್ಯಾಹ್ನ ಟ್ಯಾಂಕ್ ತುಂಬಿಸಿ, ಸಂಜೆ ವಾಲ್ವ್ ತಿರುಗಿಸಿದರೆ ನೀರು ತಾನಾಗಿ ತೋಟಕ್ಕೆ ಇಳಿಯುತ್ತದೆ. 4 ಯೂನಿಟ್ ಖರ್ಚು ಸಂಜೆಯಿಂದ ಮಧ್ಯಾಹ್ನಕ್ಕೆ ಬಂತು, ಒಂದು ಸೆಲ್ ಕೂಡ ಕೊಳ್ಳದೆ.

ಗುಡ್ಡೆಯಲ್ಲಿ ಮುರಕಲ್ಲು ಕಡಿದು ಮಟ್ಟ ಮಾಡಿ ಟ್ಯಾಂಕ್ ಕಟ್ಟಿಸಿದೆವು. ಟೈಮರ್ ಹನ್ನೊಂದಕ್ಕೆ ಆನ್. ತುಂಬಿದ ಮೇಲೆ ಫ್ಲೋಟ್ ಸ್ವಿಚ್ ನಿಲ್ಲಿಸುತ್ತದೆ. ಜನವರಿ ಕೊನೆಯಿಂದ ಮೇ ತನಕ ಹೀಗೇ ನಡೆಯಿತು.

ಫೆಬ್ರವರಿ, ಮಾರ್ಚ್

ಪಂಪು ಲೆಕ್ಕದಿಂದ ಹೊರಗೆ ಹೋದದ್ದರಿಂದ ಬ್ಯಾಟರಿ ಸಣ್ಣದು ಸಾಕಾಯಿತು. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ 16, ಒಂದೊಂದೂ 3.2 ವೋಲ್ಟ್, 100 ಆಂಪಿಯರ್ ಅವರ್. ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು) ಜೋಡಿಸಿದರೆ 51.2 ವೋಲ್ಟ್, ಒಟ್ಟು 5.12 ಯೂನಿಟ್. ಜೊತೆಗೆ ಒಂದೊಂದು ಸೆಲ್ಲನ್ನೂ ಕಾಯುವ ಬಿಎಂಎಸ್ ಬೋರ್ಡು, ಡಿಸಿ ಫ್ಯೂಸ್. ಹಳೆ ಇನ್ವರ್ಟರ್ ಬದಲು ಅನುಮತಿ ಪಡೆದು ಹೈಬ್ರಿಡ್ ಇನ್ವರ್ಟರ್. ಕರೆಂಟು ಹೋದರೆ ಇದು ಮನೆಯನ್ನು ಲೈನಿನಿಂದ ಬೇರೆ ಮಾಡಿ ಒಳಗೆ ಮಾತ್ರ ಕರೆಂಟು ಕೊಡುತ್ತದೆ. ಲೈನ್‌ಮ್ಯಾನ್‌ಗೆ ಅಪಾಯ ಇಲ್ಲ.

ಸೆಲ್ ಜೋಡಿಸುವವರು ಸ್ಪ್ಯಾನರ್‌ಗೆ ಇನ್ಸುಲೇಷನ್ ಟೇಪ್ ಸುತ್ತಿಕೊಳ್ಳಿ. ಸ್ಪ್ಯಾನರ್ ಜಾರಿ ಎರಡು ಟರ್ಮಿನಲ್ ಮೇಲೆ ಬಿದ್ದರೆ ಕಬ್ಬಿಣ ಕರಗುವಷ್ಟು ಕರೆಂಟು ಹರಿಯುತ್ತದೆ. ಉಂಗುರ, ವಾಚ್ ತೆಗೆದಿಡಿ.

ಮೊದಲ ಚಾರ್ಜ್‌ನಲ್ಲೇ ತೊಂದರೆ. ಏಳನೇ ಸೆಲ್ 3.65 ವೋಲ್ಟ್ ಮುಟ್ಟಿತು, ಬಿಎಂಎಸ್ ಚಾರ್ಜಿಂಗ್ ಕಡಿದು ಹಾಕಿತು. ಉಳಿದವು ಇನ್ನೂ 3.4ರ ಹತ್ತಿರ. ಈ ಜಾತಿಯ ಸೆಲ್‌ನ ಗುಣವೇ ಹಾಗೆ. ಅರ್ಧ ತುಂಬಿದ್ದರೂ ಮುಕ್ಕಾಲು ತುಂಬಿದ್ದರೂ ವೋಲ್ಟೇಜ್ 3.3ರ ಆಸುಪಾಸಿನಲ್ಲೇ ಇರುತ್ತದೆ, ಕೊನೆಗೆ ಒಮ್ಮೆಲೇ ಏರುತ್ತದೆ. ಹೊರಗಿನಿಂದ ಎಲ್ಲ ಸಮ ಅಂತ ಕಂಡದ್ದು ಒಳಗೆ ಸಮ ಇರಲಿಲ್ಲ. ಬಿಚ್ಚಿ, ಹದಿನಾರನ್ನೂ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿ, ಪವರ್ ಸಪ್ಲೈಯನ್ನು 3.65ಕ್ಕೆ ಇಟ್ಟು ಕಾದೆ. ಮೂರು ದಿನ ಬೇಕಾಯಿತು. ಆಮೇಲೆ ಮತ್ತೆ ಸೀರೀಸ್ ಮಾಡಿದಾಗ ಎಲ್ಲ ಸೆಲ್ ಒಟ್ಟಿಗೇ ಮೇಲೆ ಬಂದವು. ಆ ಹದಿನಾರು ಅಂಕಿಗಳು ಒಂದೇ ಸಾಲಿನಲ್ಲಿ ಏರುವುದನ್ನು ನೋಡುತ್ತಾ ಊಟಕ್ಕೂ ಏಳಲಿಲ್ಲ ನಾನು.

ಏಪ್ರಿಲ್

ಮಿಕ್ಸಿ, ಫ್ರಿಜ್ ಎಲ್ಲ ಹಾಕಿ 1500 ವ್ಯಾಟ್ ಎಳೆದು ನೋಡುವಾಗ ಹನ್ನೊಂದು–ಹನ್ನೆರಡನೇ ಸೆಲ್ ನಡುವಿನ ತಾಮ್ರದ ಪಟ್ಟಿ ಹತ್ತಿರ ಕೈ ತಂದರೆ ಬೆಚ್ಚಗೆ. ಮೀಟರ್ ಹಿಡಿದೆ. ಆ ಒಂದು ಜೋಡಣೆಯಲ್ಲಿ 40 ಮಿಲಿವೋಲ್ಟ್ ಬೀಳ್ತಾ ಇತ್ತು, ಬೇರೆಲ್ಲ ಕಡೆ 3. ನಟ್ ಬಿಚ್ಚಿದಾಗ ಅಲ್ಯೂಮಿನಿಯಂ ಟರ್ಮಿನಲ್ ಮೇಲೆ ಬೂದಿ ಬಣ್ಣದ ತೆಳು ಪೊರೆ. ಅದರಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಸಣ್ಣ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಒರೆಸಿ, ಕೂಡಲೇ ಬಿಗಿದೆ. 3ಕ್ಕೆ ಇಳಿಯಿತು. ಕರಾವಳಿಯಲ್ಲಿ ಈ ಕೆಲಸ ಮಾಡುವವರು ಮಳೆಗಾಲಕ್ಕೆ ಮುಂಚೆ, ನಂತರ ಎಲ್ಲ ಜೋಡಣೆಗಳನ್ನೂ ಹೀಗೆ ಅಳೆಯಬೇಕು. ನಾನು ಒಂದು ಪುಸ್ತಕದಲ್ಲಿ ಬರೆದಿಡ್ತಾ ಇದ್ದೇನೆ.

ಜೂನ್

ಹೋದ ವಾರ ಸಂಜೆ 6.40ಕ್ಕೆ ಕರೆಂಟು ಹೋಯಿತು. ಬಂದದ್ದು ಬೆಳಿಗ್ಗೆ ಏಳಕ್ಕೆ. ಎರಡು ಫ್ಯಾನ್, ಲೈಟು, ಫ್ರಿಜ್, ವೈಫೈ ಒಂದೂ ನಿಲ್ಲಲಿಲ್ಲ. ಬ್ಯಾಟರಿ 94ರಿಂದ 41 ಶೇಕಡಕ್ಕೆ ಇಳಿದಿತ್ತು. ಅಮ್ಮನಿಗೆ ಕರೆಂಟು ಹೋದದ್ದೇ ಗೊತ್ತಾಗಲಿಲ್ಲ. ಬೆಳಿಗ್ಗೆ ಪಕ್ಕದ ಮನೆಯವರು ಹೇಳಿದ ಮೇಲೆ ಬಂದು ಬ್ಯಾಟರಿ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ನೋಡಿ ಹೋದರು.

ಮರುದಿನ ಇಡೀ ದಿನ ಮಳೆ. ಪ್ಯಾನೆಲ್ ಕೊಟ್ಟದ್ದು 2.1 ಯೂನಿಟ್. ಮಾರ್ಚ್‌ನಲ್ಲಿ 12 ದಾಟುತ್ತಿತ್ತು. ಈ ಬ್ಯಾಟರಿ ಒಂದು ರಾತ್ರಿಗೆ, ಇಡೀ ಮಳೆಗಾಲಕ್ಕಲ್ಲ. ನನ್ನ ಪ್ಯಾನೆಲ್ ಕಟ್ಟಿಹಾಕಿದ ಇದೇ ಮಳೆ ಅತ್ತ ಮಾಣಿ ಜಲಾಶಯ ತುಂಬಿಸುತ್ತಿರುತ್ತದೆ, ಆ ನೀರು ಬೇಸಿಗೆಗೂ ಬರುತ್ತದೆ.

ಇಡೀ ರಾಜ್ಯಕ್ಕೂ ಕಷ್ಟ ಇದೇ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2050 ಮೆಗಾವ್ಯಾಟ್. ಸೂರ್ಯ ಮುಳುಗಿದರೆ ಅಷ್ಟೂ ಇಲ್ಲ. ಅದಕ್ಕೇ ಶರಾವತಿಯಲ್ಲಿ ತಲಕಳಲೆ, ಗೇರುಸೊಪ್ಪ ಜಲಾಶಯಗಳ ನಡುವೆ ನೀರು ಹತ್ತಿಸಿ ಇಳಿಸುವ 2000 ಮೆಗಾವ್ಯಾಟ್ ಯೋಜನೆ. ಆದರೆ ಅದು ಸಿಂಗಳೀಕಗಳ ಕಾಡು. ಕರೆಂಟು ಕೂಡಿಡಲೇಬೇಕು, ಒಪ್ಪುತ್ತೇನೆ. ಕಾಡಿನ ಹತ್ತಿರ ಕೇಳುವ ಮುಂಚೆ ನಮ್ಮ ಪಂಪುಗಳನ್ನು ಮಧ್ಯಾಹ್ನಕ್ಕೆ ತರುವ ಕೆಲಸ ಪೂರ್ತಿ ಆಗಲಿ ಅನ್ನುವುದು ನನ್ನ ಮನಸ್ಸು. ಗುಡ್ಡೆ, ಟ್ಯಾಂಕ್ ಇರುವ ತೋಟಗಳು ನಮ್ಮ ಕಡೆ ಎಷ್ಟಿಲ್ಲ!

ಮುಂದಿನ ಕೆಲಸ: ಫ್ಯೂಸ್ ಪೆಟ್ಟಿಗೆಯ ಸ್ಕ್ರೂಗಳು ಆಗಲೇ ತುಕ್ಕು ಹಿಡಿದಿವೆ, ಸ್ಟೇನ್‌ಲೆಸ್ ಸ್ಟೀಲಿನದ್ದು ಹಾಕಬೇಕು. ಪಕ್ಕದ ಮನೆಯ ಭಟ್ರಿಗೂ ಒಂದು ಟೈಮರ್ ತಂದಿಟ್ಟಿದ್ದೇನೆ. ಮಳೆ ಬಿಟ್ಟು ತೋಟಕ್ಕೆ ನೀರು ಶುರುವಾಗುವ ಮುಂಚೆ ಅವರ ಪಂಪಿಗೆ ಕೂರಿಸಬೇಕು.